ಹೊಸ ನಗರದಲ್ಲಿ ಓಡಲು ಒಳ್ಳೆ ದಾರಿ, ಒಳ್ಳೆ ಗುಂಪು ಹುಡುಕೋದು ಹೇಗೆ?

ಹೊಸಹೆಜ್ಜೆ
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಹೊಸ ನಗರಕ್ಕೆ ಬಂದು ಮೂರು ತಿಂಗಳಾಯಿತು. ಮೊದಲಿದ್ದ ಊರಿನಲ್ಲಿ ನಾಲ್ಕು ವರ್ಷ ಓಡಿದ್ದೇನೆ. ವಾರಕ್ಕೆ ಮೂರು ದಿನ, ಐದಾರು ಕಿಲೋಮೀಟರ್. ಇಲ್ಲಿಗೆ ಬಂದ ಮೇಲೆ ಓಟ ನಿಂತೇ ಹೋಗಿದೆ. ಮನೆ ಮುಂದೆಯೇ ದೊಡ್ಡ ರಸ್ತೆ. ಒಂದು ಕಿಲೋಮೀಟರ್‌ನೊಳಗೆ ಆರು ಕಡೆ ರಸ್ತೆ ದಾಟಬೇಕು, ನಾನೇ ಎಣಿಸಿದ್ದೇನೆ. ಉಸಿರು ಒಂದು ಹದಕ್ಕೆ ಬರುವಷ್ಟರಲ್ಲಿ ಸಿಗ್ನಲ್.

ಒಂದು ಗುಂಪಿಗೂ ಹೋಗಿದ್ದೆ. ಎಲ್ಲ ಮಟ್ಟದವರೂ ಬರಬಹುದು ಎಂದು ಬರೆದಿದ್ದರು. ಬೆಳಗ್ಗೆ ಐದೂವರೆಗೆ ಸುಮಾರು ಇಪ್ಪತ್ತು ಜನ ಸೇರಿದ್ದರು. ಹೊರಟು ಹತ್ತು ನಿಮಿಷಕ್ಕೆ ಒಂದು ಸಿಗ್ನಲ್ ಬಂತು. ಅವರೆಲ್ಲ ದಾಟಿದರು, ನನಗೆ ಕೆಂಪು ದೀಪ ಬಿತ್ತು. ಆಚೆ ಕಡೆ ಅವರ ಬೆನ್ನಿನ ಮೇಲಿನ ಹೊಳೆಯುವ ಪಟ್ಟಿಗಳು ಒಂದೊಂದಾಗಿ ತಿರುವಿನಲ್ಲಿ ಮರೆಯಾಗುವುದನ್ನು ನೋಡುತ್ತಾ ನಿಂತಿದ್ದೆ. ದಾರಿ ಗೊತ್ತಿಲ್ಲ. ಫೋನಿನಲ್ಲಿ ನಕ್ಷೆ ನೋಡಿಕೊಂಡು ವಾಪಸ್ ಬಂದೆ. ಆಮೇಲೆ ಯಾರೂ ಒಂದು ಮೆಸೇಜ್ ಕೂಡ ಮಾಡಲಿಲ್ಲ. ಅವತ್ತಿನಿಂದ ಶೂ ಮುಟ್ಟಿಲ್ಲ.

ನೀವೆಲ್ಲ ಹೊಸ ಜಾಗದಲ್ಲಿ ದಾರಿ ಹೇಗೆ ಹುಡುಕುತ್ತೀರಿ? ಗುಂಪು ಒಳ್ಳೆಯದೋ ಅಲ್ಲವೋ ಅಂತ ಹೋಗುವ ಮೊದಲೇ ತಿಳಿಯಲು ಏನಾದರೂ ಉಪಾಯ ಇದೆಯಾ?

ನಕ್ಷೆಪ್ರಿಯ
ದಾರಿಯ ಬಗ್ಗೆ ನಾನು ಹೇಳುತ್ತೇನೆ. ಐದು ನಗರ ಬದಲಿಸಿದ್ದೇನೆ, ಪ್ರತಿ ಸಲವೂ ಮೊದಲ ವಾರ ಮಾಡುವ ಕೆಲಸ ಇದೇ.

ನಕ್ಷೆ ತೆರೆದು ಮೊದಲು ನೀರು ಹುಡುಕಿ. ಕೆರೆ, ನದಿ, ಕಾಲುವೆ, ಸಮುದ್ರ, ಯಾವುದಾದರೂ ಸರಿ. ನೀರಿನ ಕಡೆಯಿಂದ ಅಡ್ಡರಸ್ತೆ ಬರುವುದಿಲ್ಲ, ಹಾಗಾಗಿ ದಾಟುವ ಜಾಗಗಳು ತಾನಾಗಿಯೇ ಕಡಿಮೆ. ಆಮೇಲೆ ಹಳೆಯ ರೈಲು ಹಳಿ ತೆಗೆದು ಮಾಡಿದ ದಾರಿ ಇದೆಯಾ ನೋಡಿ. ರೈಲಿಗೆ ಕಡಿದಾದ ಏರು ಹತ್ತಲು ಆಗುವುದಿಲ್ಲ, ಆದ್ದರಿಂದ ಅಂಥ ದಾರಿ ಹೆಚ್ಚುಕಡಿಮೆ ಸಮತಟ್ಟಾಗಿಯೇ ಇರುತ್ತದೆ. ಇವೆರಡೂ ಇಲ್ಲದಿದ್ದರೆ ವಿಶ್ವವಿದ್ಯಾಲಯದ ಆವರಣ, ದೊಡ್ಡ ಪಾರ್ಕು.

ನಾನು ಹೆಚ್ಚಾಗಿ ನೋಡುವುದು ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಶುರುವಾದ, ಜನರೇ ಸೇರಿ ಬರೆಯುವ ನಕ್ಷೆ ಅದು. ಗಾಡಿ ಓಡಿಸುವವರಿಗಾಗಿ ಮಾಡಿದ ನಕ್ಷೆಗಳಲ್ಲಿ ಕಾಣದ ಕಾಲುದಾರಿ, ಮೆಟ್ಟಿಲು, ಪಾರ್ಕಿನ ಹಿಂದಿನ ಗೇಟು ಎಷ್ಟೋ ಸಲ ಇದರಲ್ಲಿ ಸಿಗುತ್ತವೆ. ಅದರ ಪಕ್ಕದಲ್ಲಿ, ಓಟ ದಾಖಲಿಸುವ ಆ್ಯಪ್ ಸ್ಟ್ರಾವಾದ ಹೀಟ್‌ಮ್ಯಾಪ್ ಇಟ್ಟುಕೊಳ್ಳಿ. ಜಾಸ್ತಿ ಜನ ಓಡಿದ ದಾರಿ ಅದರಲ್ಲಿ ಜಾಸ್ತಿ ಹೊಳೆಯುತ್ತದೆ. ಒಂದು ಎಚ್ಚರಿಕೆ. ಅದು ಆ ಆ್ಯಪ್ ಬಳಸುವವರ ಹೆಜ್ಜೆ ಮಾತ್ರ ತೋರಿಸುತ್ತದೆ. ಹೊಳೆಯದ ದಾರಿ ಕೆಟ್ಟ ದಾರಿ ಅಂತಲ್ಲ.

ಕೊನೆಗೆ, ಓಡುವ ಮೊದಲು ಆ ದಾರಿಯನ್ನು ಒಮ್ಮೆ ನಡೆಯಿರಿ, ಅದೂ ನೀವು ಓಡಬೇಕೆಂದಿರುವ ಹೊತ್ತಿನಲ್ಲೇ. ನಾನು ಒಂದು ಸಲ ಭಾನುವಾರ ಮಧ್ಯಾಹ್ನ ಮೂರು ಕಿಲೋಮೀಟರ್‌ನ ಚಂದದ ದಾರಿ ಕಂಡುಹಿಡಿದು ಖುಷಿಯಾಗಿದ್ದೆ. ಸೋಮವಾರ ಬೆಳಗ್ಗೆ ಐದೂವರೆಗೆ ಹೋದರೆ ಗೇಟಿಗೆ ಸರಪಳಿ, ಸರಪಳಿಯ ಮೇಲೆ ಇಬ್ಬನಿ. ನಕ್ಷೆಯಲ್ಲಿ ಗೇಟಿನ ಸಮಯ ಬರೆದಿರಲಿಲ್ಲ. ಈಗ ನಾನೇ ಬರೆದಿದ್ದೇನೆ.

ಮಣ್ಣುದಾರಿ
ನಕ್ಷೆಪ್ರಿಯ ಹೇಳಿದ್ದು ಸರಿ, ಆದರೆ ನೆಲದ ಬಗ್ಗೆಯೂ ಯೋಚಿಸಿ. ಕಾಂಕ್ರೀಟ್ ಬಿಟ್ಟು ಮಣ್ಣಿಗೆ ಬನ್ನಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ, ಆದರೆ ಕಾರಣ ಬೇರೆ. ಮೃದು ನೆಲದಲ್ಲಿ ಪೆಟ್ಟೇ ಆಗಲ್ಲ ಅನ್ನೋದು ಅಷ್ಟು ಸರಳ ಅಲ್ಲ, ನೆಲ ಮೆತ್ತಗಾದರೆ ನಮ್ಮ ಕಾಲು ತಾನೇ ಸ್ವಲ್ಪ ಬಿಗಿಯಾಗಿ ಹೊಂದಿಕೊಳ್ಳುತ್ತದೆ. ಮಣ್ಣಿನ ಲಾಭ ಏನೆಂದರೆ ಯಾವ ಎರಡು ಹೆಜ್ಜೆಯೂ ಒಂದೇ ಥರ ಇರುವುದಿಲ್ಲ. ಬೇರು, ಕಲ್ಲು, ತಗ್ಗು. ಒಂದೇ ಜಾಗಕ್ಕೆ ಸಾವಿರ ಸಲ ಒಂದೇ ರೀತಿ ಪೆಟ್ಟು ಬೀಳುವುದು ತಪ್ಪುತ್ತದೆ. ಕಣಕಾಲಿಗೂ ಒಳ್ಳೆ ಕೆಲಸ. ಹಾಗಂತ ಮೊದಲ ದಿನವೇ ಹತ್ತು ಕಿಲೋಮೀಟರ್ ಹೋಗಬೇಡಿ, ಮೀನಖಂಡ ಎರಡು ದಿನ ಮೆಟ್ಟಿಲು ಇಳಿಯಲು ಬಿಡುವುದಿಲ್ಲ. ಮೊದಲು ವಾರಕ್ಕೆ ಒಂದು ದಿನ ಸಾಕು.

ರಸ್ತೆಯಲ್ಲೇ ಓಡಬೇಕಾದರೆ ಇನ್ನೊಂದು ವಿಷಯ. ನೀರು ಹರಿದುಹೋಗಲಿ ಅಂತ ರಸ್ತೆಯನ್ನು ಮಧ್ಯದಲ್ಲಿ ಉಬ್ಬಿಸಿ ಅಂಚಿಗೆ ಇಳಿಸಿರುತ್ತಾರೆ. ಯಾವಾಗಲೂ ಒಂದೇ ಅಂಚಿನಲ್ಲಿ ಓಡಿದರೆ ಒಂದು ಕಾಲು ಯಾವಾಗಲೂ ಕೆಳಗೆ. ನನ್ನ ಒಂದು ಕಡೆ ಸೊಂಟದ ನೋವು ಎಲ್ಲಿಂದ ಬಂತು ಅಂತ ಬಹಳ ದಿನ ತಿಳಿಯಲೇ ಇಲ್ಲ. ಗಾಡಿಗಳು ಎದುರಿಗೆ ಬರುವ ಬದಿಯಲ್ಲೇ ಓಡಬೇಕು, ಅದರಲ್ಲಿ ರಾಜಿ ಇಲ್ಲ. ಅದಕ್ಕೇ ವಾಹನ ಬರದ ದಾರಿ ಬೇಕು ಅನ್ನೋದು. ಅಲ್ಲಿ ಬೇಕಾದಂತೆ ಬದಿ ಬದಲಿಸಬಹುದು.

ಮಳೆ ಬಂದ ಮರುದಿನ ಮಣ್ಣು ದಾರಿಯಲ್ಲಿ ಕೆಸರು ಸಿಕ್ಕರೆ ಅಂಚಿನ ಹುಲ್ಲಿನ ಮೇಲೆ ಸುತ್ತಿ ಹೋಗಬೇಡಿ, ದಯವಿಟ್ಟು. ಎಲ್ಲರೂ ಹಾಗೆ ಮಾಡಿದರೆ ಒಂದಡಿ ದಾರಿ ಎರಡು ವರ್ಷದಲ್ಲಿ ಆರಡಿ ಕೆಸರಾಗುತ್ತದೆ. ಮಧ್ಯದಲ್ಲೇ ಹೋಗಿ. ಶೂ ತೊಳೆದರೆ ಆಯಿತು.

ಬೆಳಗಿನಜಾವ
ಹೊಸಹೆಜ್ಜೆ ಅವರೇ, ನಾನೂ ಹೆಣ್ಣುಮಗಳು, ಕತ್ತಲಿರುವಾಗಲೇ ಒಬ್ಬಳೇ ಓಡುತ್ತೇನೆ, ಹಾಗಾಗಿ ಇದನ್ನು ಹೇಳಲೇಬೇಕು. ಹೀಟ್‌ಮ್ಯಾಪ್ ಹೊಳೆಯುತ್ತಿದೆ ಅಂದರೆ ಆ ಹೊತ್ತಿಗೆ ಅಲ್ಲಿ ಜನ ಇರುತ್ತಾರೆ ಅಂತ ಅರ್ಥ ಅಲ್ಲ. ಸಂಜೆ ಆರಕ್ಕೆ ತುಂಬಿರುವ ದಾರಿ ಬೆಳಗ್ಗೆ ಐದಕ್ಕೆ ಖಾಲಿ. ನಾನು ಬೀದಿ ದೀಪ ಎಣಿಸುತ್ತೇನೆ. ಯಾವ ಎರಡು ಕಂಬಗಳ ನಡುವೆ ಕತ್ತಲು, ದಾರಿಯಿಂದ ಹೊರಗೆ ಹೋಗಲು ಎಲ್ಲೆಲ್ಲಿ ತೆರಪಿದೆ, ಯಾವ ಅಂಗಡಿ ಮೊದಲು ತೆರೆಯುತ್ತದೆ. ಉದ್ದನೆಯ ಗೋಡೆ ಎರಡೂ ಕಡೆ ಇರುವ ದಾರಿ ಎಷ್ಟೇ ಚಂದ ಇದ್ದರೂ ಒಬ್ಬಳೇ ಹೋಗುವುದಿಲ್ಲ.

ಆ್ಯಪ್‌ನಲ್ಲಿ ಓಟ ಹಾಕುವವರು ಶುರು ಮತ್ತು ಕೊನೆಯ ಜಾಗ ಮರೆಮಾಡುವ ಸೆಟ್ಟಿಂಗ್ ಇವತ್ತೇ ಆನ್ ಮಾಡಿ. ನಿಮ್ಮ ಮನೆ ಬಾಗಿಲು, ನೀವು ಹೊರಡುವ ಸಮಯ ಎರಡೂ ಅದರಲ್ಲಿ ಇರುತ್ತದೆ. 2018ರ ಜನವರಿಯಲ್ಲಿ ಇದೇ ಸ್ಟ್ರಾವಾ ಹೀಟ್‌ಮ್ಯಾಪ್‌ನಲ್ಲಿ ಸೈನಿಕ ನೆಲೆಗಳ ಆಕಾರವೇ ಕಾಣುತ್ತಿದೆ ಅಂತ ಪ್ರಪಂಚದ ತುಂಬ ಸುದ್ದಿಯಾಗಿತ್ತು. ಸೈನಿಕರು ನೆಲೆಯೊಳಗೆ ಓಡಿದ ಗೆರೆಗಳು ಅವು. ಅವರದ್ದೇ ಹಾಗೆ ಸಿಕ್ಕಿತು ಅಂದರೆ ನಮ್ಮದು ಎಷ್ಟರದ್ದು?

ಇಯರ್‌ಫೋನ್ ಒಂದೇ ಕಿವಿಗೆ. ಇದು ನನ್ನ ನಿಯಮ, ಹತ್ತು ವರ್ಷದಿಂದ.

ಹಿಂದಿನಸಾಲು
ಗುಂಪಿನ ಪ್ರಶ್ನೆಗೆ ಯಾರೂ ಬಂದಿಲ್ಲ, ನಾನು ಬರುತ್ತೇನೆ. ಹೊಸಹೆಜ್ಜೆ, ಮೊದಲು ಒಂದು ಮಾತು. ನಿಮ್ಮನ್ನು ಬಿಟ್ಟು ಹೋದದ್ದು ನಿಮ್ಮ ಓಟದ ತಪ್ಪಲ್ಲ. ಅದು ಆ ಗುಂಪಿನ ತಪ್ಪು. ಹೊಸಬರನ್ನು ಕರೆದ ಮೇಲೆ ಅವರನ್ನು ವಾಪಸ್ ತಂದು ಬಿಡುವ ಜವಾಬ್ದಾರಿ ಕರೆದವರದು.

ಗುಂಪು ಹೇಗಿದೆ ಅಂತ ತಿಳಿಯಲು ಮುಂದೆ ಓಡುವವರನ್ನು ನೋಡಬೇಡಿ. ಹಿಂದೆ ಯಾರಿದ್ದಾರೆ ನೋಡಿ. ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ: ಈ ಭಾನುವಾರ ಎಲ್ಲರಿಗಿಂತ ಹಿಂದೆ ಓಡುವವರು ಯಾರು? ಒಂದು ಹೆಸರು ಬಂದರೆ ಹೋಗಿ. ಇಲ್ಲ, ನಮ್ಮಲ್ಲಿ ಯಾರೂ ಹಿಂದೆ ಉಳಿಯಲ್ಲ ಅಂದರೆ ಅದು ಉತ್ತರ ಅಲ್ಲ, ಅವರು ಇದರ ಬಗ್ಗೆ ಯೋಚಿಸಿಯೇ ಇಲ್ಲ ಅಂತ ಅರ್ಥ. ವೇಗವನ್ನೂ ಅಂಕೆಯಲ್ಲಿ ಕೇಳಿ. ಆರಾಮವಾಗಿ ಓಡುತ್ತೇವೆ ಅನ್ನುವ ಮಾತು ನಂಬಬೇಡಿ, ಒಬ್ಬರ ಆರಾಮ ಕಿಲೋಮೀಟರ್‌ಗೆ ಐದು ನಿಮಿಷ, ಇನ್ನೊಬ್ಬರದ್ದು ಎಂಟು. ಮತ್ತೆ ಒಟ್ಟುಸೇರಲು ಎಲ್ಲೆಲ್ಲಿ ನಿಲ್ಲುತ್ತೀರಿ ಅಂತಲೂ ಕೇಳಿ.

ನನಗೆ ತುಂಬ ಇಷ್ಟವಾದ ಒಂದು ಘಟನೆ ಇದೆ. 1962ರ ಕೊನೆಯಲ್ಲಿ ಅಮೆರಿಕದ ಓಟದ ಕೋಚ್ ಬಿಲ್ ಬೋವರ್‌ಮನ್ ನ್ಯೂಜಿಲೆಂಡಿಗೆ ಹೋಗಿದ್ದರು. ಅಲ್ಲಿಯ ಕೋಚ್ ಆರ್ಥರ್ ಲಿಡಿಯಾರ್ಡ್ ಅವರನ್ನು ಆಕ್ಲೆಂಡಿನ ಜಾಗಿಂಗ್ ಗುಂಪಿನ ಜೊತೆ ಓಡಲು ಕರೆದರು. ಬೋವರ್‌ಮನ್‌ಗೆ ಆಗ 51. ಒಳ್ಳೊಳ್ಳೆ ಓಟಗಾರರನ್ನು ತಯಾರು ಮಾಡಿದ ಮನುಷ್ಯ, ಆದರೆ ಅವರಿಗೇ ಓಡಿ ಅಭ್ಯಾಸ ಇರಲಿಲ್ಲ, ಏರು ಬಂದಾಗ ಹಿಂದೆ ಬಿದ್ದರು. ಆಗ ಎಪ್ಪತ್ತು ದಾಟಿದ, ಹೃದಯಾಘಾತ ಆಗಿ ಚೇತರಿಸಿಕೊಂಡಿದ್ದ ಒಬ್ಬ ಹಿರಿಯರು ತಮ್ಮ ವೇಗ ತಗ್ಗಿಸಿ ಅವರ ಜೊತೆಗೇ ಬಂದರು. ಬೋವರ್‌ಮನ್ ಊರಿಗೆ ಮರಳಿ 1963ರಲ್ಲಿ ಯೂಜೀನ್ ನಗರದಲ್ಲಿ ಸಾಮಾನ್ಯ ಜನರಿಗಾಗಿ ಜಾಗಿಂಗ್ ಶುರು ಮಾಡಿಸಿದರು. ಮುಂದೆ ನೈಕಿ ಕಟ್ಟಿದ ಇಬ್ಬರಲ್ಲಿ ಒಬ್ಬರು ಅವರು. ಆ ಹಿರಿಯರು ಅವತ್ತು ಮುಂದೆ ಓಡಿಹೋಗಿದ್ದರೆ ಏನಾಗುತ್ತಿತ್ತೋ ಅಂತ ನಾನು ಆಗಾಗ ಯೋಚಿಸುತ್ತೇನೆ.

ಒಂಟಿಓಟ
ಎಲ್ಲರೂ ಗುಂಪು ಗುಂಪು ಅನ್ನುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ಗುಂಪಿಗೆ ಹೋದರೆ ಪ್ರತಿ ಓಟವೂ ಪೈಪೋಟಿಯಾಗುತ್ತದೆ. ನಿಧಾನವಾಗಿ ಓಡಬೇಕಾದ ದಿನವೂ ಜೋರಾಗಿ ಓಡುತ್ತೇವೆ, ಕೊನೆಗೆ ಮೊಣಕಾಲು ಹಿಡಿದು ಕೂರುತ್ತೇವೆ. ನಾನು ಗುಂಪಿನಲ್ಲಿದ್ದಾಗಲೇ ಎರಡು ಸಲ ಪೆಟ್ಟು ಮಾಡಿಕೊಂಡದ್ದು. ಒಬ್ಬರೇ ಓಡಿ, ಉಸಿರು ಕೇಳಿಸಿಕೊಳ್ಳಿ. ಮಾತಾಡುತ್ತಾ ಓಡಲು ಆಗುವಷ್ಟು ವೇಗ ಇದ್ದರೆ ಅದೇ ಸರಿಯಾದ ವೇಗ.

ಹತ್ತಿರ ಕ್ರೀಡಾಂಗಣ ಇದ್ದರೆ ಟ್ರ್ಯಾಕ್‌ಗೆ ಹೋಗಿ. ಸಿಗ್ನಲ್ ಇಲ್ಲ, ನಾಯಿ ಇಲ್ಲ. ಒಳಗಿನ ಲೇನ್ ಸುತ್ತು 400 ಮೀಟರ್. ಹೊರಗಿನ ಎಂಟನೇ ಲೇನ್ ಸುಮಾರು 453, ಅದು ನೆನಪಿರಲಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ನಿಧಾನ ಓಡುವವರು ಹೊರಗಿನ ಲೇನ್ ಬಳಸುವುದು ಮರ್ಯಾದೆ.

ಹಿಂದಿನಸಾಲು
@ಒಂಟಿಓಟ ನೀವು ಹೇಳಿದ ಪೈಪೋಟಿ ನಿಜ, ನಾನೂ ನೋಡಿದ್ದೇನೆ. ಆದರೆ ಮಾತಾಡುತ್ತಾ ಓಡುವ ವೇಗ ಅಂದಿರಲ್ಲ, ಮಾತಾಡಲು ಪಕ್ಕದಲ್ಲಿ ಒಬ್ಬರು ಬೇಕಲ್ವಾ? ಇಬ್ಬರಿದ್ದರೂ ಅದು ಗುಂಪೇ.

ಈ ಪೈಪೋಟಿಯ ತೊಂದರೆ ಹಳೆಯದು, ಅದಕ್ಕೆ ಒಂದು ಜಾಣ ಪರಿಹಾರವೂ ಹಳೆಯದೇ. 1938ರಲ್ಲಿ ಕೌಲಾಲಂಪುರದಲ್ಲಿ ಹ್ಯಾಶ್ ಹೌಸ್ ಹ್ಯಾರಿಯರ್ಸ್ ಅಂತ ಓಟದ ಗುಂಪು ಶುರುವಾಯಿತು, ಈಗ ಪ್ರಪಂಚದ ಎಷ್ಟೋ ನಗರಗಳಲ್ಲಿ ಅದರ ಗುಂಪುಗಳಿವೆ. ಒಬ್ಬರು ಮೊದಲೇ ಹೋಗಿ ಕಾಗದದ ಚೂರು, ಹಿಟ್ಟು ಅಥವಾ ಸೀಮೆಸುಣ್ಣದಿಂದ ದಾರಿ ಗುರುತು ಮಾಡುತ್ತಾರೆ. ಬೇಕೆಂದೇ ಕೆಲವು ಸುಳ್ಳು ದಾರಿಗಳನ್ನೂ ಹಾಕುತ್ತಾರೆ. ಜೋರಾಗಿ ಓಡುವವರು ಮುಂದೆ ಹೋಗಿ ಸುಳ್ಳು ದಾರಿ ಹಿಡಿದು ವಾಪಸ್ ಬರುವಷ್ಟರಲ್ಲಿ ನಿಧಾನದವರು ಬಂದು ಸೇರಿರುತ್ತಾರೆ. ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೇ ಇರುತ್ತಾರೆ. ಯಾರೂ ಬೈಯಬೇಕಿಲ್ಲ, ನಿಯಮ ಹೇಳಬೇಕಿಲ್ಲ.

ದಾರದಜೊತೆ
ನನಗೆ ಕಣ್ಣು ಕಾಣಿಸುವುದಿಲ್ಲ. ಜೊತೆ ಓಟಗಾರರೊಬ್ಬರ ಕೈಗೂ ನನ್ನ ಕೈಗೂ ಒಂದು ಚಿಕ್ಕ ದಾರ ಕಟ್ಟಿಕೊಂಡು ಓಡುತ್ತೇನೆ. ಆದ್ದರಿಂದ ನನಗೆ ಒಳ್ಳೆ ದಾರಿ ಅಂದರೆ ಬೇರೆಯೇ. ಮರ, ಕೆರೆ ಇವೆಲ್ಲ ಗಾಳಿಯಲ್ಲಿ ಗೊತ್ತಾಗುತ್ತವೆ, ಖುಷಿಯೂ ಆಗುತ್ತದೆ. ಆದರೆ ನನಗೆ ಮೊದಲು ಬೇಕಾದದ್ದು ಅಗಲ. ಇಬ್ಬರು ಪಕ್ಕಪಕ್ಕದಲ್ಲಿ ಓಡಬೇಕು, ಎದುರಿಗೆ ಬರುವವರಿಗೂ ಜಾಗ ಇರಬೇಕು. ಫುಟ್‌ಪಾತಿನ ಒಂದು ಕಲ್ಲು ಅರ್ಧ ಇಂಚು ಎದ್ದಿದ್ದರೂ ನನ್ನ ಬೆರಳಿಗೆ ಅದು ಗೊತ್ತು.

ಒಳ್ಳೆಯ ಜೊತೆಗಾರ ಎಲ್ಲವನ್ನೂ ಹೇಳುವುದಿಲ್ಲ. ನನ್ನ ಜೊತೆಗಾರ್ತಿ ಮೂರು ಹೆಜ್ಜೆ ಮೊದಲು ಹೇಳುತ್ತಾರೆ: ಏರು, ಮೂರು, ಎರಡು, ಒಂದು. ಅಷ್ಟೇ. ಉಳಿದದ್ದು ದಾರದಲ್ಲಿ ತಿಳಿಯುತ್ತದೆ. ಅವರ ಕೈ ಸ್ವಲ್ಪ ಹತ್ತಿರ ಬಂದರೆ ದಾರಿ ಕಿರಿದಾಗುತ್ತಿದೆ ಅಂತ.

ಹೊಸಹೆಜ್ಜೆ, ನೀವು ಗುಂಪಿನ ಬಗ್ಗೆ ತಿಳಿಯಬೇಕಾದರೆ ಅಂಧ ಓಟಗಾರರು ಬಂದರೆ ಏನು ಮಾಡುತ್ತೀರಿ ಅಂತ ಕೇಳಿ ನೋಡಿ. ಎಷ್ಟೋ ಗುಂಪುಗಳು ಸುಮ್ಮನಾಗುತ್ತವೆ. ಒಂದು ಗುಂಪು ಮಾತ್ರ ನನಗೆ, ನಮಗೆ ಗೊತ್ತಿಲ್ಲ, ನೀವೇ ಬಂದು ಕಲಿಸಿ ಅಂದಿತು. ನಾನು ಈಗ ಇರುವುದು ಅಲ್ಲೇ.

ಹೊಸಹೆಜ್ಜೆ
ಎಲ್ಲರಿಗೂ ತುಂಬ ಧನ್ಯವಾದ. ಎರಡೆರಡು ಸಲ ಓದಿದೆ. ನಕ್ಷೆಯಲ್ಲಿ ನೀರು ಹುಡುಕಿದೆ. ಮನೆಯಿಂದ ಹದಿನೈದು ನಿಮಿಷ ನಡೆದರೆ ಒಂದು ಕಾಲುವೆ ಇದೆ, ಇಷ್ಟು ದಿನ ಗೊತ್ತೇ ಇರಲಿಲ್ಲ! ಆದರೆ ಪಕ್ಕದ ದಾರಿ ಉದ್ದ ಬರೀ ಒಂದೂಕಾಲು ಕಿಲೋಮೀಟರ್. ಅದರಲ್ಲೇ ಹಿಂದೆ ಮುಂದೆ ಓಡಿದರೆ ಬೇಜಾರಾಗಲ್ವಾ? ಇನ್ನೊಂದು, ಬೆಳಗ್ಗೆ ಬೇಗ ಓಡಿದರೆ ಗಾಳಿ ಶುದ್ಧವಾಗಿರುತ್ತದೆ ಅಂತಾರೆ, ನಿಜವೇ? ಗುಂಪಿಗೆ ಹೋಗಲು ಮಾತ್ರ ಇನ್ನೂ ಧೈರ್ಯ ಬರುತ್ತಿಲ್ಲ.

ನಕ್ಷೆಪ್ರಿಯ
ಒಂದೂಕಾಲು ಕಿಲೋಮೀಟರ್ ಬೇಕಾದಷ್ಟಾಯಿತು. 2019ರ ಅಕ್ಟೋಬರ್ 12ರಂದು ಕೆನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು, ಅಂದರೆ 42.195 ಕಿಲೋಮೀಟರನ್ನು, 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದ್ದು ಎಲ್ಲಿ ಗೊತ್ತಾ? ವಿಯೆನ್ನಾದ ಪ್ರಾಟರ್ ಪಾರ್ಕಿನ ಒಂದು ನೇರ ದಾರಿಯಲ್ಲಿ, ಅದೇ ದಾರಿಯಲ್ಲಿ ಹೋಗುತ್ತಾ ಬರುತ್ತಾ. ಆ ದಾರಿ ಸಮತಟ್ಟು, ಎರಡೂ ಬದಿಗೆ ಮರ, ಗಾಳಿಗೆ ತಡೆ. ಉಳಿದ ದಿನ ಅಲ್ಲಿ ಯಾರು ಬೇಕಾದರೂ ಓಡಬಹುದು. ಒಂದೇ ದಾರಿಯಲ್ಲಿ ಓಡಿದರೆ ಇನ್ನೊಂದು ಅನುಕೂಲ, ಹೋದ ವಾರಕ್ಕಿಂತ ಈ ವಾರ ಹೇಗಿದೆ ಅಂತ ಗಡಿಯಾರ ನೋಡದೆ ತಿಳಿಯುತ್ತದೆ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಸಿಗ್ನಲ್ ಗೋಡೆಗೆ ಬಡಿದು ಬರುವುದರಿಂದ ವಾಚು ತೋರಿಸುವ ದೂರವನ್ನು ಪೂರ್ತಿ ನಂಬಲೂ ಆಗುವುದಿಲ್ಲ.

ಗಾಳಿಯ ಬಗ್ಗೆ: ಯಾವಾಗಲೂ ನಿಜ ಅಲ್ಲ. ಚಳಿಗಾಲದಲ್ಲಿ ರಾತ್ರಿ ನೆಲ ತಣ್ಣಗಾಗಿ, ಕೆಳಗೆ ತಂಪು ಗಾಳಿ, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ ಕೂರುತ್ತದೆ. ಹೊಗೆ, ಧೂಳು ಮೇಲೆ ಹೋಗಲಾಗದೆ ನಮ್ಮ ಮೂಗಿನ ಮಟ್ಟದಲ್ಲೇ ನಿಲ್ಲುತ್ತದೆ. ಬಿಸಿಲು ಬಂದು ನೆಲ ಬಿಸಿಯಾದ ಮೇಲೆ ಅದು ಚದುರುತ್ತದೆ. ಅಂಥ ದಿನಗಳಲ್ಲಿ ಗಾಳಿಯ ಸೂಚ್ಯಂಕ ನೋಡಿ ಹೊರಡಿ, ಕೆಟ್ಟದಾಗಿದ್ದರೆ ತಡವಾಗಿ ಹೋಗಿ ಅಥವಾ ಬಿಡಿ. ದೊಡ್ಡ ರಸ್ತೆ ಬಿಟ್ಟು ಒಂದು ಒಳಬೀದಿಗೆ ಬಂದರೂ ವಾಹನದ ಹೊಗೆ ಎಷ್ಟೋ ಕಡಿಮೆ.

ಭಾನುವಾರದಓಟ
ನಾನು ಒಂದು ಗುಂಪು ನಡೆಸುತ್ತೇನೆ, ಏಳು ವರ್ಷದಿಂದ. ಹೊಸಹೆಜ್ಜೆ ಬರೆದದ್ದು ಓದಿ ರಾತ್ರಿ ನಿದ್ದೆ ಬರಲಿಲ್ಲ, ಯಾಕಂದ್ರೆ ನಾವೂ ಒಮ್ಮೆ ಹಾಗೆ ಮಾಡಿದ್ದೇವೆ. ಎರಡನೇ ವರ್ಷ ಇರಬೇಕು. ಓಟ ಮುಗಿಸಿ ಎಲ್ಲರೂ ನಗುತ್ತಾ ಫೋಟೋ ತೆಗೆದುಕೊಂಡು ಹೊರಟೆವು. ಬೆಂಚಿನ ಮೇಲೆ ಒಂದು ನೀರಿನ ಬಾಟಲಿ ಉಳಿದಿತ್ತು, ನೀಲಿ ಮುಚ್ಚಳದ್ದು, ತುಂಬಿದ ಹಾಗೇ ಇತ್ತು. ಅದು ಯಾರದ್ದು ಅಂತ ಕೇಳಿದಾಗಲೇ ಗೊತ್ತಾದದ್ದು ಒಬ್ಬರು ವಾಪಸ್ ಬಂದಿಲ್ಲ ಅಂತ. ಹುಡುಕಿಕೊಂಡು ಹೋದೆವು. ಎರಡು ಕಿಲೋಮೀಟರ್ ಹಿಂದೆ ಕಣಕಾಲು ತಿರುಚಿಕೊಂಡು ಮೋಟುಗೋಡೆಯ ಮೇಲೆ ಕೂತಿದ್ದರು. ಅವರು ಬೈಯಲಿಲ್ಲ. ನೀವು ಬರುತ್ತೀರಿ ಅಂತ ಗೊತ್ತಿತ್ತು ಅಂದರು. ನಮಗೆ ಮಾತ್ರ ಗೊತ್ತಿರಲಿಲ್ಲ.

ಅವತ್ತಿನಿಂದ ಹೊರಡುವಾಗ ಎಲ್ಲರೂ ಗಟ್ಟಿಯಾಗಿ ಸಂಖ್ಯೆ ಹೇಳುತ್ತಾರೆ. ನಿಂತ ಕಡೆಯೆಲ್ಲ ಮತ್ತೆ ಎಣಿಸುತ್ತೇವೆ. ಹಿಂದೆ ಓಡುವವರ ಬಳಿ ಫೋನ್, ಬ್ಯಾಂಡೇಜ್ ಇರುತ್ತದೆ, ಆ ಕೆಲಸ ಪ್ರತಿ ವಾರ ಬೇರೆಯವರಿಗೆ. ಗುಂಪಿನಲ್ಲಿ ಅತಿ ಜೋರಾಗಿ ಓಡುವವರಿಗೂ ಆ ಸರದಿ ಬರುತ್ತದೆ. ಅವರು ಒಂದು ದಿನ ಹಿಂದೆ ಓಡಿ ನೋಡಿದ ಮೇಲೆ ಮುಂದಿನ ವಾರ ಸಿಗ್ನಲ್‌ನಲ್ಲಿ ತಾವಾಗಿಯೇ ಕಾಯುತ್ತಾರೆ.

ಧೈರ್ಯದ ಬಗ್ಗೆ ಒಂದು ಸಲಹೆ. ಪಾರ್ಕ್‌ರನ್ ನಡೆಯುವ ನಗರವಾದರೆ ಅಲ್ಲಿಂದ ಶುರು ಮಾಡಿ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಶಿ ಪಾರ್ಕಿನಲ್ಲಿ 13 ಓಟಗಾರರಿಂದ ಶುರುವಾದದ್ದು ಅದು. ಪಾಲ್ ಸಿಂಟನ್-ಹ್ಯೂಯಿಟ್ ಪೆಟ್ಟು ಮಾಡಿಕೊಂಡು ಓಡಲಾಗದೆ ಇದ್ದರು, ಓಟದ ಗೆಳೆಯರನ್ನು ಬಿಟ್ಟಿರಲಾಗದೆ ಈ 5 ಕಿಲೋಮೀಟರ್ ಓಟ ಏರ್ಪಡಿಸಿ ತಾವು ಸಮಯ ಬರೆದುಕೊಂಡರು. ಈಗಲೂ ಪ್ರತಿ ವಾರ, ಈಗಲೂ ಉಚಿತ. ಎಲ್ಲರಿಗಿಂತ ಹಿಂದೆ ನಡೆಯಲು ಒಬ್ಬ ಸ್ವಯಂಸೇವಕರು ಇದ್ದೇ ಇರುತ್ತಾರೆ. ಬೇಕಾದರೆ ನೀವು ಮೊದಲ ವಾರ ಓಡಬೇಡಿ, ಆ ಕೆಲಸಕ್ಕೇ ಹೆಸರು ಕೊಡಿ. ಯಾರೂ ನಿಮ್ಮನ್ನು ಬಿಟ್ಟು ಹೋಗಲು ಸಾಧ್ಯವೇ ಇಲ್ಲದ ಜಾಗ ಅದು. ಪಾರ್ಕ್‌ರನ್ ಇಲ್ಲದಿದ್ದರೆ ಯಾವುದಾದರೂ ಗುಂಪಿಗೆ ಬರೆದು, ಹಿಂದೆ ಓಡುವವರ ಜೊತೆ ಬರುತ್ತೇನೆ ಅಂತ ಮೊದಲೇ ಹೇಳಿ.

ಒಂಟಿಓಟ
ಇದು ಚೆನ್ನಾಗಿದೆ. ಸರದಿ ಹಾಕಿ ಹಿಂದೆ ಓಡಿಸುವುದು ನಾನು ಕೇಳಿರಲಿಲ್ಲ. ನಾನಿದ್ದ ಗುಂಪಿನಲ್ಲಿ ಹೀಗಿದ್ದಿದ್ದರೆ ಬಹುಶಃ ಬಿಡುತ್ತಿರಲಿಲ್ಲ.

ಹೊಸಹೆಜ್ಜೆ
ಆರು ವಾರ ಆಯಿತು, ಸುದ್ದಿ ಹೇಳಲು ಬಂದೆ.

ಕಾಲುವೆ ದಾರಿಯನ್ನು ಮೊದಲು ನಡೆದೆ, ಬೆಳಗ್ಗೆ ಐದೂಮುಕ್ಕಾಲಿಗೆ. ಹದಿನೇಳು ಕಂಬ, ಅದರಲ್ಲಿ ಎರಡು ದೀಪ ಉರಿಯುತ್ತಿರಲಿಲ್ಲ. ದೂರು ಕೊಟ್ಟೆ, ಒಂದು ಸರಿಯಾಗಿದೆ. ಈಗ ವಾರಕ್ಕೆ ಎರಡು ದಿನ ಅಲ್ಲಿ ಓಡುತ್ತೇನೆ, ಎರಡು ಸಲ ಹೋಗಿ ಬಂದರೆ ಐದು ಕಿಲೋಮೀಟರ್.

ಮೂರು ಗುಂಪಿಗೆ ಬರೆದು, ಹಿಂದೆ ಯಾರು ಓಡುತ್ತಾರೆ ಅಂತ ಕೇಳಿದೆ. ಒಂದು ಕಡೆಯಿಂದ ಉತ್ತರವೇ ಇಲ್ಲ. ಇನ್ನೊಂದು ಕಡೆ, ಚಿಂತೆ ಮಾಡಬೇಡಿ ಬನ್ನಿ ಅಂದರು. ಮೂರನೆಯವರು ಒಂದು ಹೆಸರು ಮತ್ತು ಆಕೆಯ ವೇಗ ಕಳಿಸಿದರು. ಅಲ್ಲಿಗೇ ಹೋದೆ. ಮೊದಲ ದಿನ ಏರಿನಲ್ಲಿ ನನಗೆ ಉಸಿರು ಕಟ್ಟಿತು. ಆಕೆ ಲೇಸ್ ಕಟ್ಟಲು ಬಗ್ಗಿ ಕೂತರು. ನಾನು ಪಕ್ಕದಲ್ಲಿ ನಿಂತು ಸುಧಾರಿಸಿಕೊಂಡೆ. ಆಮೇಲೆ ಗಮನಿಸಿದೆ, ಆಕೆಯ ಶೂಗೆ ಲೇಸ್ ಇರಲಿಲ್ಲ, ಎಳೆದು ಬಿಗಿ ಮಾಡುವ ದಾರ ಇತ್ತು.

ಈ ಭಾನುವಾರ ಗುಂಪನ್ನು ಕಾಲುವೆ ದಾರಿಗೆ ಕರೆದಿದ್ದೇನೆ. ಹಿಂದೆ ಓಡುವ ಸರದಿ ನನ್ನದು. ಇದೇ ನಗರದಲ್ಲಿ ಯಾರಾದರೂ ಇದ್ದರೆ ಮೆಸೇಜ್ ಮಾಡಿ.

ದಾರದಜೊತೆ
ಖುಷಿಯಾಯಿತು! ನಾನು ದೂರ ಇದ್ದೇನೆ, ಆದರೆ ಮುಂದಿನ ತಿಂಗಳು ತಂಗಿಯ ಮನೆಗೆ ನಿಮ್ಮ ನಗರಕ್ಕೇ ಬರುತ್ತೇನೆ ಅನಿಸುತ್ತದೆ, ಮೆಸೇಜ್‌ನಲ್ಲಿ ಕೇಳುತ್ತೇನೆ. ಆ ದಾರಿ ಎಷ್ಟು ಅಗಲ?

ಹೊಸಹೆಜ್ಜೆ
ಬನ್ನಿ ಬನ್ನಿ! ಇವತ್ತು ಸಂಜೆ ಹೋಗಿ ಅಳೆದೆ. ನಾನೂ ಗೆಳತಿಯೂ ಪಕ್ಕಪಕ್ಕ ನಿಂತು ಕೈ ಚಾಚಿದರೂ ಅಂಚು ಮುಟ್ಟಲಿಲ್ಲ. ಸಣ್ಣ ಸೇತುವೆ ಹತ್ತಿರ ಮಾತ್ರ ಕಿರಿದಾಗುತ್ತದೆ, ಹನ್ನೊಂದು ಹೆಜ್ಜೆ, ಅಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಸೇತುವೆ ದಾಟಿದ ಕೂಡಲೇ ಎಡಗಡೆ ಒಂದು ಕಲ್ಲು ಎದ್ದಿದೆ. ಅದರ ಮೇಲೆ ಕಾಲಿಟ್ಟು ನೋಡಿದೆ, ಅಲುಗಾಡುತ್ತದೆ. ಬಲಗಡೆ ಗಟ್ಟಿ ಇದೆ.